ದಾದೇಸಾಬರು ಹಿಡಿದ ದನಿಗಳು

ಆ ಭಾನುವಾರ ಮನೆಯಲ್ಲಿ ಮೂವರೂ ಇದ್ದೆವು. ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ಗಂಡ ದಾದೇಸಾಬರು ಗಾದಿಯ ಅಂಚು ಹೊಲಿಯುತ್ತ ಕೂತಿದ್ದರು. ಮಗಳು ಉಜ್ಮಾ ಹುಕ್ಕೇರಿ ಕಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾಳೆ. ಶನಿವಾರ ಹಾಸ್ಟೆಲಿನಿಂದ ಬಂದಿದ್ದಳು. ಕಿವಿಗೆ ವೈರು ಸಿಕ್ಕಿಸಿಕೊಂಡು ಏನೋ ಕೇಳುತ್ತ ಒಬ್ಬಳೇ ನಗುತ್ತಿದ್ದಳು.

“ಏನ ನಗಾಕತ್ತಿ? ನಮಗೂ ಕೇಳಸ ಯವ್ವಾ,” ಎಂದರು ಅವಳ ಅಪ್ಪ.

ಅವಳು ವೈರು ಕಿತ್ತಳು. ಫೋನಿನಿಂದ ಯಲ್ಲಪ್ಪನ ದನಿ ಬಂತು. ಯಲ್ಲಪ್ಪ ತುಕ್ಕಾನಟ್ಟಿಯ ಮುದುಕ, ನಮ್ಮ ಅಂಗಡಿಯ ಹಳೆಯ ಗಿರಾಕಿ. ಉಜ್ಮಾಳ ಕಾಲೇಜಿನ ಕೆಲಸಕ್ಕೆಂದು ಅವಳ ಅಪ್ಪ ಫೋನಿನಲ್ಲಿ ಹಿಡಿದಿಟ್ಟ ದನಿ ಅದು.

“ಸಮಸ್ತ ಜನತೆಗೆ ನಮಸ್ಕಾರಗಳು. ನಾನು ಯಲ್ಲಪ್ಪನು. ಇಂದು ಬೆಳಿಗ್ಗೆ ನಾನು ರೊಟ್ಟಿಯನ್ನು ಸೇವಿಸಿದೆನು. ತದನಂತರ ಎಮ್ಮೆಯನ್ನು ವೀಕ್ಷಿಸಿದೆನು.”

ನಮಗೆ ನಗು ತಡೆಯಲಿಲ್ಲ. ನಮ್ಮವರಿಗಂತೂ ಕಣ್ಣಲ್ಲಿ ನೀರು ಬಂತು. ಕೈಯಲ್ಲಿದ್ದ ಸೂಜಿ ಬದಿಗಿಟ್ಟು ನಕ್ಕರು. ಉಜ್ಮಾ ಮೊದಲು ನಗು ನಿಲ್ಲಿಸಿದಳು.

“ಅಪ್ಪಾ, ನೀ ಹಿಡದ್ದೆಲ್ಲಾ ಹಿಂಗ ಅದಾವ. ಇವು ನಡಿಯೂದಿಲ್ಲ.”

“ಯಾಕ? ನಾನ ಹೇಳೇನಲ್ಲ ಅವರಿಗೆ, ಚಲೋ ಕನ್ನಡದಾಗ ಮಾತಾಡ್ರಿ, ದೊಡ್ಡ ಕಾಲೇಜಿಗೆ ಹೋಗೂದೈತಿ ಅಂತ.”

“ಅದ ಆಗಿದ್ದು ಅಪ್ಪಾ. ಕಂಪ್ಯೂಟರ್ ನಮ್ಮ ಮಾತ ಕಲೀಬೇಕು. ಎಮ್ಮಿ ವೀಕ್ಷಣಾ ಯಾರ ಮಾಡ್ತಾರ ನಮ್ಮೂರಾಗ?”

ಎಷ್ಟೋ ದಿನದ ಕೆಲಸ ಅದು. ಅವರು ಮತ್ತೆ ಸೂಜಿ ಎತ್ತಿಕೊಂಡರು.

“ಹೋಗ್ಲಿ ಬಿಡು. ನಾಳಿ ಗೋಕಾಕಕ್ಕ ಹೋಗಿ ಗಾದಿ ಅರಿವಿ ತರ್ತೇನಿ. ಬಂದ ಮ್ಯಾಲ ಹೊಸದಾಗಿ ಹಿಡಿಯೂಣು. ಈ ಸಲ ಎಲ್ಲಾರನೂ ಬೈದಾಡಾಕ ಹಚ್ತೇನಿ.”

“ಬೈದ್ರ ಮತ್ತೂ ಚಲೋ,” ಎಂದಳು ಮಗಳು.

ಸಂಜೆ ಅವಳನ್ನು ಬಸ್ಸಿಗೆ ಹತ್ತಿಸಿ ಬಂದರು. ಊಟ ಮಾಡಿದೆವು. ಪಲ್ಯಕ್ಕೆ ಉಪ್ಪು ಕಡಿಮೆ ಎಂದರು. ಮಲಗಿದೆವು. ಅಷ್ಟೇ.

ಮರುದಿನ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಬಟ್ಟೆಯ ಗಂಟು ಹೊತ್ತು ನಿಂತಿದ್ದವರು ಹಾಗೆಯೇ ಕುಸಿದು ಕೂತರಂತೆ. ನೀರು ಕೊಟ್ಟರಂತೆ. ಕುಡಿಯಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಮೈದುನ ಆರೀಫ ಅವರನ್ನು ಮನೆಗೆ ತಂದ. ಬಟ್ಟೆಯ ಗಂಟನ್ನೂ ತಂದ.

ಅವರ ಬಗ್ಗೆ ಬರೆಯಲು ಬಹಳ ಇಲ್ಲ. ನಾವು ಪಿಂಜಾರರು. ಹತ್ತಿ ಹಿಂಜುವವರು. ಮನೆಯಲ್ಲೂ ಕನ್ನಡವೇ ಆಡುತ್ತೇವೆ. ಅವರು ಚಿಕ್ಕವರಿದ್ದಾಗ ತಮ್ಮ ಅಪ್ಪನ ಜೊತೆ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿದರು. ಏಳನೇ ತರಗತಿಯಲ್ಲಿ ಸಾಲಿ ಬಿಟ್ಟರು. ದೊಡ್ಡವರಾದ ಮೇಲೆ ಮೂಡಲಗಿಯಲ್ಲಿ ಒಂದು ಕೋಣೆ ಹಿಡಿದು ಹಿಂಜುವ ಮಷೀನು ಹಾಕಿದರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಫೋಮಿನ ಗಾದಿ ಬಂದ ಮೇಲೆ ಗಿರಾಕಿ ಕಡಿಮೆಯಾದರು. ಅವರು ಮಷೀನು ಮಾರಲಿಲ್ಲ. ಮದುವೆಯ ಗಾದಿ ಹತ್ತಿಯದೇ ಬೇಕು ಎನ್ನುವವರು ಇನ್ನೂ ಇದ್ದಾರೆ.

ಉಜ್ಮಾಗೆ ಸೀಟು ಸಿಕ್ಕಾಗ ಏನು ಓದುತ್ತಾಳೆ ಎಂದು ಎಲ್ಲರೂ ಕೇಳಿದರು. ಕಂಪ್ಯೂಟರ್ ಸೈನ್ಸ್, ಕೃತಕ ಬುದ್ಧಿಮತ್ತೆ. ಆ ಮಾತು ಅವರ ನಾಲಿಗೆಗೆ ಬೇಗ ಹತ್ತಲಿಲ್ಲ. ಮಷೀನಿನ ಸದ್ದಿನಲ್ಲಿ ಒಬ್ಬರೇ ಅಂದು ಅಂದು ಕಲಿತರು. ಗಿರಾಕಿಗಳಿಗೆ ಮಾತ್ರ ಹೀಗೆ ಹೇಳುತ್ತಿದ್ದರು: “ಸಣ್ಣ ಕೂಸಿಗೆ ಮಾತ ಕಲಸ್ತೇವಲ್ಲ, ಆಕಿ ಯಂತ್ರಕ್ಕ ಕಲಸಾಕತ್ತಾಳ.”

ಕಡೆಯ ವರ್ಷದಲ್ಲಿ ಏನಾದರೂ ಹೊಸದು ಮಾಡಿ ತೋರಿಸಬೇಕಂತೆ. ಅದಕ್ಕೆ ಪ್ರಾಜೆಕ್ಟ್ ಎನ್ನುತ್ತಾರೆ. ಓದು ಬರದವರು ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಹೇಳುವಂಥದ್ದು ಮಾಡುತ್ತೇನೆ ಎಂದಳು ಉಜ್ಮಾ. ಈಗಿನ ಯಂತ್ರಗಳಿಗೆ ಬೆಂಗಳೂರಿನ ಮಾತು ತಿಳಿಯುತ್ತದೆ, ನಮ್ಮದು ತಿಳಿಯುವುದಿಲ್ಲ. ಕಲಿಸಲು ನಮ್ಮ ಕಡೆಯವರ ಮಾತು ರಾಶಿಗಟ್ಟಲೆ ಬೇಕು. “ನಮ್ಮ ಅಂಗಡ್ಯಾಗ ಸಿಗತೈತಿ,” ಎಂದರು ಅಪ್ಪ.

ಅದು ಖರೆ. ಹಳೆಯ ಗಾದಿ ತಂದವರು ಹತ್ತಿ ಹಿಂಜಿ ಮುಗಿಯುವ ತನಕ ಅಂಗಡಿ ಬಿಟ್ಟು ಏಳುವುದಿಲ್ಲ. ತಮ್ಮ ಹತ್ತಿ ತಮಗೇ ಬರಬೇಕು, ಪಿಂಜಾರ ಬದಲಿ ಮಾಡಬಾರದು ಎಂದು ಕಾಯುತ್ತ ಕೂತಿರುತ್ತಾರೆ. ಇವರು ಮಷೀನು ನಿಲ್ಲಿಸಿ ಫೋನು ಹಿಡಿದರೆ, “ಯಾಕಲೇ ದಾದ್ಯಾ ಬಂದ್ ಮಾಡ್ದಿ? ನನ್ನ ಮಾತಿಗೆ ಹಚ್ಚಿ ಹತ್ತಿ ಹೊಡಿತಿ ಏನ?” ಎನ್ನುತ್ತಿದ್ದರು. ಅಂಥವರೇ ಫೋನು ಕಂಡ ಕೂಡಲೇ ಕೈ ಮುಗಿದು ಭಾಷಣ ಮಾಡಿದರು. ಹಾಗೆ ಕೆಟ್ಟಿತು.

ಗಂಡ ತೀರಿದ ಮೇಲೆ ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಮನೆ ಬಿಟ್ಟು ಹೋಗುವುದಿಲ್ಲ. ಹೊರಗಿನ ಗಂಡಸರ ಎದುರಿಗೂ, ಮೈದುನನ ಎದುರಿಗೂ ಬರುವುದಿಲ್ಲ. ಅದು ಇದ್ದತ್. ನಾನೂ ಬಳೆ ತೆಗೆದಿಟ್ಟು ಕೂತೆ. ಕೂತದ್ದಕ್ಕೆ ನನಗೆ ಬೇಜಾರಿಲ್ಲ. ಎಲ್ಲಿಗಾದರೂ ಹೋಗಬೇಕು ಎಂದು ಅನಿಸಲೂ ಇಲ್ಲ.

ಉಜ್ಮಾ ಕಾಲೇಜು ಬಿಟ್ಟು ನನ್ನ ಜೊತೆ ಕೂತಳು. ಅಂಗಡಿ ಆರೀಫ ನೋಡಿಕೊಂಡ. ಒಂದು ದಿನ ಕಾಲೇಜಿನ ಮೇಡಂ ಫೋನು ಮಾಡಿದರು. ದುಃಖ ಆಗಿದೆ, ಆದರೆ ಪ್ರಾಜೆಕ್ಟ್ ತೋರಿಸದಿದ್ದರೆ ವರ್ಷ ಹೋಗುತ್ತದೆ ಎಂದರು.

ಆರೀಫ ಪರದೆಯ ಆಚೆಯಿಂದ ಹೇಳಿದ, “ಭಾಬಿ, ಇದ್ದತ್ ಮುಗಿಯೂ ತನಕ ಆಕಿ ಇಲ್ಲೇ ಇರ್ಲಿ. ನಿಮ್ಮನ್ನ ಒಬ್ಬಾಕಿನ ಹೆಂಗ ಬಿಡೂದು?”

“ಇರ್ತೇನಿ ಕಾಕಾ. ಮುಂದಿನ ವರ್ಷ ಮಾಡಿದ್ರಾತು,” ಎಂದಳು ಉಜ್ಮಾ.

ನಾಲ್ಕನೇ ತರಗತಿಯಲ್ಲಿ ಸಾಲಿ ಬಿಡಿಸಿದಾಗ ನನಗೂ ಮುಂದಿನ ವರ್ಷ ಎಂದಿದ್ದರು.

ಒಂದು ಮಧ್ಯಾಹ್ನ, ಅಪ್ಪನ ದನಿ ಹಚ್ಚು ಎಂದೆ. ಅವಳು ಹುಡುಕಿ ಹಚ್ಚಿದಳು.

“ನನ್ನ ಹೆಸರು ದಾದೇಸಾಬ. ನಾನು ಗಾದಿ ತಯಾರಿಕೆಯ ವೃತ್ತಿಯಲ್ಲಿ ತೊಡಗಿರುತ್ತೇನೆ. ನನ್ನ ಧರ್ಮಪತ್ನಿಯು ಗೃಹಿಣಿಯಾಗಿರುತ್ತಾಳೆ.”

ಬಂದ್ ಮಾಡು ಎಂದೆ. ದನಿ ಅವರದೇ. ಆದರೆ ಇವರು ಯಾರೋ ಸಾಹೇಬರು, ನನಗೆ ಗೊತ್ತಿಲ್ಲ. ನನ್ನನ್ನು ಅವರು ಎಂದೂ ಧರ್ಮಪತ್ನಿ ಎಂದಿಲ್ಲ. ಏ ಸಾಯಿರಾ ಎನ್ನುತ್ತಿದ್ದರು, ಸಿಟ್ಟು ಬಂದರೆ ಅದೂ ಇಲ್ಲ. ಬೇರೆ ಯಾವುದರಲ್ಲಾದರೂ ಅವರ ಮಾತು ಇದೆಯೇ ಎಂದು ಕೇಳಿದೆ. ಉಜ್ಮಾ ಮುಖ ಬಗ್ಗಿಸಿ, ಇಲ್ಲ ಎಂದಳು. ಆಮೇಲೆ ನಾನು ಕೇಳಲಿಲ್ಲ, ಅವಳೂ ಹಚ್ಚಲಿಲ್ಲ.

ನನ್ನನ್ನು ಮಾತಾಡಿಸಲು ಓಣಿಯ ಹೆಂಗಸರು ಬರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಬಂದವಳು ಗೋಡೆ ಆಚೆಯ ಮನೆಯ ಸಾವಂತ್ರೆವ್ವ. ಲಿಂಗಾಯತರ ಮುದುಕಿ. ಬರುವಾಗ ಏನಾದರೂ ಕೆಲಸ ಉಡಿಯಲ್ಲಿ ಕಟ್ಟಿಕೊಂಡೇ ಬರುತ್ತಿದ್ದಳು. ಅಂದು ಬಳ್ಳೊಳ್ಳಿ ತಂದಿದ್ದಳು. ಮತ್ತಿಬ್ಬರು ಇದ್ದರು. ಸುಲಿಯುತ್ತ ಕೂತೆವು. ಮುಂದಿನ ವರ್ಷಕ್ಕಾದರೂ ಮಾತು ಕೂಡಿಸಿಡೋಣ ಎಂದು ಉಜ್ಮಾ ನಡುವೆ ಫೋನಿಟ್ಟಳು.

“ಅಜ್ಜೀ, ನೀವು ಮಾತಾಡೂದು ಇದು ಹಿಡಿತೈತಿ. ನನ್ನ ಓದಿಗೆ ಬೇಕಾಗೇತಿ. ಬ್ಯಾಡ ಅಂದ್ರ ತಗೀತೇನಿ.”

“ಹಿಡೀಲಿ ಬಿಡು. ನನ್ನ ಮಾತ ಮನ್ಯಾಗ ಯಾರ ಕೇಳ್ತಾರ?” ಎಂದಳು ಸಾವಂತ್ರೆವ್ವ. ಸೆರಗು ಸರಿ ಮಾಡಿಕೊಂಡಳು. ಗಂಟಲು ಸರಿ ಮಾಡಿಕೊಂಡಳು. “ಎಲ್ಲರಿಗೂ ಶರಣು ಶರಣಾರ್ಥಿಗಳು...”

ಉಜ್ಮಾ ನಕ್ಕಳು, ಹೀಗೆ ಮಾತಾಡಿ ಎನ್ನಲಿಲ್ಲ. ಎದ್ದು ಚಹಾ ಇಡಲು ಹೋದಳು. ಶರಣಾರ್ಥಿ ಆದ ಮೇಲೆ ಮುದುಕಿಗೆ ಮುಂದೆ ಏನೂ ಹೊಳೆಯಲಿಲ್ಲ. ಬಳ್ಳೊಳ್ಳಿ ಸುಲಿದಳು. ಸ್ವಲ್ಪ ಹೊತ್ತಿನಲ್ಲಿ ಫೋನು ಸಿಪ್ಪೆಯಲ್ಲಿ ಮುಚ್ಚಿ ಹೋಯಿತು.

“ನಮ್ಮ ಸೊಸಿ ನೋಡ್ರೆವಾ, ಜ್ವಾಳದ ಹಿಟ್ಟ ನಾದಿ ಫ್ರಿಜ್ಜಿನ್ಯಾಗ ಇಡತಾಳ! ಮರದಿನಾ ಅದರ ರೊಟ್ಟಿ ತಿಂದ್ರ ಹಂಚ ಕಡದಂಗ ಆಗತೈತಿ. ನನಗ ಇರೂವು ಎರಡ ಹಲ್ಲ. ಅವನ್ನೂ ಕೀಳಬೇಕಂತ ಮಾಡ್ಯಾಳ.”

“ನೀವು ನಿಮ್ಮ ಅತ್ತೀನ ಏನ ಕಡಿಮಿ ಕಾಡೀರೇನ ಬಿಡ್ರಿ,” ಎಂದಳು ಇನ್ನೊಬ್ಬಳು.

“ನಮ್ಮತ್ತೀವು ಹಲ್ಲ ಗಟ್ಟಿ ಇದ್ದೂ. ಆಕಿ ನನ್ನ ಕಡೀತಿದ್ಲು!”

ಆ ಮಾತು ಎಲ್ಲೆಲ್ಲಿಗೋ ಹೋಯಿತು. ಉಜ್ಮಾ ಚಹಾ ತಂದಾಗ ಸಾವಂತ್ರೆವ್ವನಿಗೆ ಒಮ್ಮೆಲೇ ನೆನಪಾಯಿತು.

“ಅಯ್ಯ ತಂಗೀ, ಅದು ಇನ್ನಾ ಹಿಡಿಯಾಕತ್ತೈತೇನ? ಫ್ರಿಜ್ಜಿನ ಮಾತ ಅಳಸವಾ! ಆಕಿ ತವರಮನಿ ಹುಕ್ಕೇರೀನ ಐತಿ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಬಂದದ್ದು ತಿಳಿದ ಕೂಡಲೇ ಎದ್ದು ಒಳಗೆ ಹೋದೆ. ನೀರು ಕುಡಿದು ಅಲ್ಲೇ ನಿಂತೆ. ಈ ಮಾತು ಹೇಳಲು ಮನೆಯಲ್ಲಿ ಅವರಿಲ್ಲ.

ಉಜ್ಮಾ ಆ ಮಾತಷ್ಟನ್ನು ಅಳಿಸಿದಳು. ಉಳಿದದ್ದು ಚಲೋ ಬಂದಿದೆ ಎಂದಳು. ದಿನಾ ಹೆಂಗಸರು ಬಂದರು, ಪ್ರತಿ ಸಲ ಅವರನ್ನು ಕೇಳಿಯೇ ಅವಳು ಫೋನಿಟ್ಟಳು. ಕಲಿಸಲು ಸಾಕಾಗುವಷ್ಟು ಮಾತು ಕೂಡಿತು. ಇನ್ನು ಅದನ್ನು ಕಾಲೇಜಿನ ದೊಡ್ಡ ಕಂಪ್ಯೂಟರಿಗೆ ಹಾಕಬೇಕು. ಅದಕ್ಕೆ ಅಲ್ಲೇ ಇರಬೇಕು. ಅವಳು ಅದನ್ನು ಹೇಳಲಿಲ್ಲ. ಮೇಡಂ ಜೊತೆ ಮಾತಾಡುವಾಗ ನನಗೆ ಕೇಳಿಸಿತು.

ನಾನು ಅವಳ ಚೀಲ ತೆಗೆದು ಮುಂದೆ ಇಟ್ಟೆ.

“ಬಟ್ಟಿ ತುಂಬು.”

“ಅವ್ವಾ, ಇದ್ದತ್ ಮುಗೀಲಿ. ನೀ ಒಬ್ಬಾಕಿನ ಆಗ್ತಿ.”

“ನೀ ಇದ್ರೂ ನಾ ಒಬ್ಬಾಕಿನ.”

ಅವಳ ಮುಖ ಸಣ್ಣದಾಯಿತು. ಬೇರೆ ರೀತಿ ಹೇಳಲು ನನಗೆ ಬರಲಿಲ್ಲ. ಇದ್ದದ್ದೇ ಅದು.

“ಕಾಕಾ ಬೈತಾನ.”

“ಅಂವನ ಕೂಡ ನಾ ಮಾತಾಡ್ತೇನಿ.”

ಪರದೆಯ ಈಚೆಯಿಂದ ಆರೀಫನಿಗೆ ಹೇಳಿದೆ. “ನಾಳಿ ಉಜ್ಮಾನ್ನ ಬಸ್ಸಿಗೆ ಬಿಡಪ್ಪಾ.”

“ಮಂದಿ ಏನಂತಾರ ಭಾಬಿ? ತಾಯೀನ ಬಿಟ್ಟ ಹೋದ್ಲು ಅಂತಾರ.”

“ತಾಯಿ ಕಳಿಸಿದ್ಲು ಅನ್ನು.”

ಅವನು ಕೆಟ್ಟವನಲ್ಲ. ಬೆಳಿಗ್ಗೆ ಬೈಕು ತಂದು ನಿಲ್ಲಿಸಿದ. ನಾನು ಬಾಗಿಲ ಒಳಗೆ ನಿಂತೆ. ಬಸ್‌ಸ್ಟ್ಯಾಂಡಿನ ತನಕ ಹೋಗುವಂತಿಲ್ಲ, ಓಣಿಯ ತುದಿಯ ತನಕವೂ ಇಲ್ಲ. ಬೈಕಿನ ಸದ್ದು ತಿರುಗುವ ತನಕ ಕೇಳಿದೆ. ಬಾಗಿಲು ಹಾಕಿದೆ.

ಆಮೇಲಿನ ದಿನಗಳು ಉದ್ದ ಇದ್ದವು. ಸಾವಂತ್ರೆವ್ವ ಬರುತ್ತಿದ್ದಳು, ಆದರೆ ಸೊಸೆಯ ಬಾಣಂತನ ಬಂದ ಮೇಲೆ ಅವಳಿಗೂ ಬಿಡುವಾಗಲಿಲ್ಲ. ಉಳಿದವರು ಮೊದಲೇ ಕಡಿಮೆಯಾಗಿದ್ದರು. ಪರದೆಯ ಆಚೆ ಮಷೀನು ನಡೆಯುತ್ತಿತ್ತು. ನಮ್ಮವರು ಅದನ್ನು ನಡುನಡುವೆ ನಿಲ್ಲಿಸಿ ಗಿರಾಕಿಯ ಜೊತೆ ಹರಟುತ್ತಿದ್ದರು. ಆರೀಫ ಒಮ್ಮೆ ಹಚ್ಚಿದರೆ ಕೆಲಸ ಮುಗಿಯುವ ತನಕ ನಿಲ್ಲಿಸುವುದಿಲ್ಲ. ಅವನು ಮಾಡುವುದೇ ಸರಿ. ನಾನು ಒಂದೇ ರೊಟ್ಟಿ ಬಡಿದೆ. ಕೆಲವು ದಿನ ಅದೂ ಉಳಿಯಿತು.

ಪ್ರಾಜೆಕ್ಟ್ ತೋರಿಸಿದ ದಿನ ಉಜ್ಮಾ ಫೋನು ಮಾಡಿದಳು.

“ಅವ್ವಾ, ಗೋಕಾಕ ಬಸ್ಸ ಎಷ್ಟೊತ್ತಿಗೆ ಐತಿ ಅಂತ ನಮ್ಮಂಗ ಕೇಳಿದ್ರ ತಿಳೀತೈತಿ ಅದಕ್ಕ! ಎಲ್ಲಾರೂ ಚಪ್ಪಾಳಿ ಹೊಡದ್ರು.”

“ಚಲೋ ಆತು.”

“ಆದ್ರ ಹುಡುಗೂರು ಮಾತಾಡಿದ್ರ ತಪ್ಪತೈತಿ. ನಾವು ಹಿಡದಿದ್ದು ಬರೇ ಹೆಣ್ಣಮಕ್ಕಳ ದನಿ.” ಆಮೇಲೆ ಮೆಲ್ಲಗೆ, “ಮೇಡಂ ಇನ್ನೂ ಎರಡ ವರ್ಷ ಓದು ಅಂತಾರ. ಇದನ್ನ ಮುಂದ ಮಾಡು ಅಂತಾರ. ಏನ ಮಾಡ್ಲಿ?” ಎಂದಳು.

ನಾನು ಬೇಡ ಎನ್ನಲಿ ಎಂದು ಅವಳು ಕಾಯುತ್ತಿದ್ದಳೋ, ಹೂಂ ಎನ್ನಲಿ ಎಂದು ಕಾಯುತ್ತಿದ್ದಳೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

“ಓದು,” ಎಂದೆ. ಫೋನಿಟ್ಟು ಗಾದಿಯ ರಾಶಿಯ ಮೇಲೆ ಕೂತೆ. ಹೊತ್ತು ಮುಳುಗಿದ್ದು ಗೊತ್ತಾಗಲಿಲ್ಲ.

ಇದ್ದತ್ ಮುಗಿದ ದಿನ ಆರೀಫನ ಹೆಂಡತಿ ಬಂದು ಹೊರಗೆ ಹೋಗಿ ಬರ್ರಿ ಎಂದಳು. ಎಲ್ಲಿಗೆ ಹೋಗಲಿ? ಓಣಿಯ ತುದಿಗೆ ಹೋಗಿ ತಿರುಗಿ ಬಂದೆ. ಉಜ್ಮಾ ಈಗಲೂ ಹುಕ್ಕೇರಿ ಕಡೆಯೇ ಇದ್ದಾಳೆ. ಓದುತ್ತಿದ್ದಾಳೆ. ರಜೆಗೆ ಬರುತ್ತಾಳೆ, ಹೋಗುತ್ತಾಳೆ.

ಬೆಳಿಗ್ಗೆ ನಮಾಜು ಮುಗಿಸಿ, ಆರೀಫ ಬರುವ ಮೊದಲು ಅಂಗಡಿಗೆ ಹೋಗುತ್ತೇನೆ. ಹಿಂದಿನ ದಿನದ ಹತ್ತಿಯ ನವಿರು ಎಲ್ಲ ಕಡೆ ಕೂತಿರುತ್ತದೆ. ಮಷೀನಿನ ಮೇಲೆ, ಬೆಲ್ಟಿನ ಮೇಲೆ, ಬಲ್ಬಿನ ಮೇಲೆ. ಬಿಟ್ಟರೆ ಒಳಗೆ ಸೇರಿ ಬಿಸಿಯಾಗುತ್ತದೆ, ಕಿಡಿ ಹಾರುತ್ತದೆ. ಮದುವೆಯಾಗಿ ಬಂದಾಗಿನಿಂದ ನಾನೇ ಒರೆಸುತ್ತೇನೆ. ಒದ್ದೆ ಅರಿವೆಯಿಂದ ಮೇಲಿನಿಂದ ಕೆಳಗೆ ಒರೆಸುತ್ತೇನೆ. ನೆಲ ಗುಡಿಸಿ ನವಿರನ್ನು ಚೀಲಕ್ಕೆ ತುಂಬುತ್ತೇನೆ. ಅರಿವೆ ಹಿಂಡಿ ಮೊಳೆಗೆ ಹಾಕಿ ಶಟರು ಎತ್ತುತ್ತೇನೆ.