ಸೆನ್ಶರ್ ಎಂದರೆ

ಅಪ್ಪ ಸಿರುಗುಪ್ಪದಲ್ಲಿ ಕನ್ನಡ ಶಾಲೆಯ ಮಾಸ್ತರು. ಹುಟ್ಟೂರು ಕುರುಗೋಡಿನಲ್ಲಿ, ತಾವು ಅಕ್ಷರ ಕಲಿತ ಶಾಲೆಗೇ ಹೆಡ್‌ಮಾಸ್ತರಾಗಿ ಹೋಗಬೇಕೆನ್ನುವುದೊಂದೇ ಅವರ ಆಸೆ. ಬಡ್ತಿಯ ಪಟ್ಟಿಯಲ್ಲಿ ಅವರ ಸರದಿ ಹತ್ತಿರ ಬಂದಿತ್ತು. ಆಗ ಬಂತು ಎಪ್ಪತ್ತೊಂದರ ಜನಗಣತಿ.

ಮಕ್ಕಳನ್ನು ಎಣಿಸಿದರೆ ದೃಷ್ಟಿಯಾಗುತ್ತದೆಂದು ನಮ್ಮ ಕಡೆಯ ತಾಯಂದಿರು ಒಂದನ್ನು ಬಿಟ್ಟೇ ಹೇಳುತ್ತಿದ್ದರು. ಮೂರಿದ್ದರೆ ಎರಡು. ಮೂರನೆಯದು ಬಾಗಿಲ ಹಿಂದಿನಿಂದ ಇಣುಕುತ್ತಿದ್ದರೂ ಎರಡೇ. ಎಣಿಕೆಯ ಕೆಲಸಕ್ಕೆ ನೇಮಕವಾಗಿ ಮನೆಮನೆಗೆ ಹೋದ ಅಪ್ಪನಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಆದರೂ ತಾಯಿಯ ಬಾಯಿಂದ ಬಂದದ್ದನ್ನೇ ಬರೆದುಕೊಂಡರು. ಮೇಲಿನವರು ಮರುತಪಾಸಣೆಗೆ ಬಂದಾಗ ಬಿಟ್ಟುಹೋದ ಮಕ್ಕಳೆಲ್ಲ ಅಂಗಳದಲ್ಲಿ ಗೋಲಿ ಆಡುತ್ತಿದ್ದರು.

ಕೆಲವು ತಿಂಗಳಿಗೆ ಇಲಾಖೆಯಿಂದ ಒಂದು ಇಂಗ್ಲಿಷ್ ಕಾಗದ ಬಂತು. ಶಾಲೆಯಲ್ಲಿ ಯಾರಿಗೂ ತೋರಿಸಲು ನಾಚಿ, ಅಪ್ಪ ಬಸ್ಸು ಹತ್ತಿ ಬಳ್ಳಾರಿಗೆ, ನನ್ನ ಹಾಸ್ಟೆಲಿಗೆ ಬಂದರು. ನಾನು ಬಿ.ಎ. ಓದುತ್ತಿದ್ದೆ. ಜಗತ್ತಿನ ಇಂಗ್ಲಿಷೆಲ್ಲ ಮಗಳ ತಲೆಯಲ್ಲಿದೆ ಎಂದು ಅವರ ನಂಬಿಕೆ. ‘ಸೆನ್ಶರ್’ ಎಂಬ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು.

ಅವರನ್ನು ಕೂರಿಸಿ ಕಾಲೇಜಿನ ಲೈಬ್ರರಿಗೆ ಓಡಿದೆ. ದಪ್ಪ ನಿಘಂಟಿನಲ್ಲಿ ಅರ್ಥ ಸ್ಪಷ್ಟವಾಗಿತ್ತು: ತಪ್ಪು ಹೊರಿಸಿ ಕಟುವಾಗಿ ಖಂಡಿಸುವುದು. ಪದದ ಹುಟ್ಟೂ ಇತ್ತು. ಹಳೆಯ ರೋಮಿನಲ್ಲಿ ಜನರನ್ನು ಎಣಿಸಲು ಒಬ್ಬ ಅಧಿಕಾರಿ ಇದ್ದನಂತೆ. ಅವರ ನಡತೆ ನೋಡಿ ಛೀಮಾರಿ ಹಾಕುವುದೂ ಅವನದೇ ಕೆಲಸ. ಅವನ ಹುದ್ದೆಯಿಂದಲೇ ಈ ಮಾತು ಬಂದದ್ದು. ಎಣಿಸಲು ಹೋದ ನಮ್ಮಪ್ಪನಿಗೇ ಅದು ಬಂದು ತಗುಲಿತ್ತು. ನನಗೆ ಅಳು ಬಂತು.

ವಾಪಸು ಬಂದರೆ ಅಪ್ಪ ಬೇವಿನ ಮರದ ಕೆಳಗೆ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಆ ಮುಖ ನೋಡಿ ನಿಜ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಮೇಲಿನವರಿಗೆ ಸ್ವಲ್ಪ ಬೇಸರವಾಗಿದೆ, ಅಷ್ಟೇ ಎಂದುಬಿಟ್ಟೆ. ತಿಂಗಳೊಳಗೆ ಉತ್ತರ ಬರೆಯಬಹುದೆಂದು ಕಾಗದದ ಕೊನೆಯಲ್ಲಿದ್ದುದನ್ನೂ ಹೇಳಿದೆ.

“ಬ್ಯಾಸರಾಗಿದ್ರ ಆಗ್ಲಿ ಬಿಡವಾ. ದೊಡ್ಡೋರಿಗೆ ಎದುರುತ್ತರ ಯಾಕ,” ಎಂದು ಅಪ್ಪ ಹಗುರಾಗಿ ಎದ್ದರು. ಬರೆಯಿರಿ ಎಂದು ಒತ್ತಾಯಿಸಬೇಕಾದರೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಬ್ರೂಸ್‌ಪೇಟೆಯಲ್ಲಿ ನನಗೊಂದು ಪೆನ್ನು ಕೊಡಿಸಿ ಅವರು ಊರಿಗೆ ಹೋದರು.

ಮುಂದಿನ ವರ್ಷದ ಪಟ್ಟಿಯಲ್ಲಿ ಅಪ್ಪನ ಹೆಸರಿರಲಿಲ್ಲ. ಅವರಿಗಿಂತ ಕಿರಿಯರೊಬ್ಬರು ಕುರುಗೋಡಿಗೆ ಹೋದರು. ಆ ಪದಕ್ಕೆ ಕನ್ನಡದಲ್ಲಿ ವಾಗ್ದಂಡನೆ ಎನ್ನುತ್ತಾರೆಂದೂ, ಅದರಿಂದಲೇ ಬಡ್ತಿ ತಪ್ಪಿತೆಂದೂ, ಉತ್ತರ ಬರೆದಿದ್ದರೆ ಅದನ್ನು ರದ್ದು ಮಾಡುತ್ತಿದ್ದರೇನೋ ಎಂದೂ ಕಚೇರಿಯ ಗುಮಾಸ್ತರೊಬ್ಬರು ಅಪ್ಪನಿಗೆ ಹೇಳಿದರು. ರಜೆಗೆ ಮನೆಗೆ ಹೋದಾಗ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಓದಿದಾಕಿ ನೀನು,” ಎಂದರು. “ನಾ ಮತ್ಯಾರನ್ನ ಕೇಳ್ಬೇಕಿತ್ತವಾ?”