ಭೂಪಾಲ ಪೈಲವಾನರ ಗೊಂಬಿ ಕುಸ್ತಿ

ಭೂಪಾಲ ಪೈಲವಾನರ ಎರಡೂ ಕಿವಿ ಕುಸ್ತಿ ಹಿಡಿದು ಹಿಡಿದು ಬೆಲ್ಲದ ಉಂಡೆಯಂತೆ ಗಂಟುಗಟ್ಟಿದ್ದವು. ಕುತ್ತಿಗೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಅಂಥ ಮನುಷ್ಯ ಗೋಕಾಕದ ಬಜಾರದಲ್ಲಿ ತಮ್ಮ ಬೆಲ್ಲದ ಅಂಗಡಿಯ ಗಾದಿಯ ಮೇಲೆ ಕೂತು, ಮೀಸೆಗೆ ಇಟ್ಟುಕೊಂಡ ಸಣ್ಣ ಹಣಿಗೆಯಿಂದ ಗೇಣುದ್ದದ ಪರದೇಶಿ ಗೊಂಬೆಯ ಬಂಗಾರದ ಕೂದಲು ಬಾಚುತ್ತಿದ್ದರು. ಗಿರಾಕಿ ಬಂದರೂ ಏಳುತ್ತಿರಲಿಲ್ಲ. "ತಡೀರಿ, ಸಿಕ್ಕ ಬಿಡಸಾಕತ್ತೇನಿ" ಅನ್ನುತ್ತಿದ್ದರು. ಬೆಲ್ಲಕ್ಕೆ ನೊಣ ಮುತ್ತಿದರೆ ನಡೆಯುತ್ತಿತ್ತು, ಗೊಂಬೆಗೆ ಮುತ್ತಬಾರದು.

ನಾನು ಅವರ ಬಾಜೂ ಮನೆಯವಳು. ರೊಟ್ಟಿ ಬಡಿದು ಮಾರುತ್ತಿದ್ದೆ. ಅವರ ಹೆಂಡತಿ ತೀರಿಕೊಂಡ ಮೇಲೆ ಅವರ ತಾಟಿಗೂ ನನ್ನದೇ ರೊಟ್ಟಿ. ಜೈನರು, ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ಊರೆಲ್ಲ ದೀಪ ಹಚ್ಚುವ ಹೊತ್ತಿಗೆ ಅವರ ಊಟ ಮುಗಿದು ಗೊಂಬೆಗಳ ಕಪಾಟು ತೆರೆದಿರುತ್ತಿತ್ತು.

ಈ ಹುಚ್ಚು ಹಚ್ಚಿದವ ಅವರ ಅಕ್ಕನ ಮಗ ಬಾಳು, ಯಮಕನಮರಡಿಯವ. ಬೆಲ್ಲದ ಲಾರಿ ಹೊಡೆದುಕೊಂಡು ಮುಂಬಯಿಗೆ ಹೋಗಿ ಬರುತ್ತಿದ್ದ. ಅಂಗಡಿಯಲ್ಲಿ ಇಡಲಿಕ್ಕೆ ಹಿತ್ತಾಳೆಯ ಪೈಲವಾನನ ಮೂರ್ತಿ ತಾ ಎಂದು ಇವರು ಹೇಳಿ ಕಳಿಸಿದರೆ, ಅವನು ಗಾಜಿನ ಕಪಾಟಿನಲ್ಲಿ ಚಂದ ಕಂಡದ್ದನ್ನು ತಂದ. ಮಿಣಮಿಣ ಅಂಗಿ, ಎತ್ತರದ ಚಪ್ಪಲಿ, ಕಾರಣ ಇಲ್ಲದೆ ನಗುವ ಮುಖ. ಬೈಗುಳ ಕೇಳೋಣ ಎಂದು ನಾನು ರೊಟ್ಟಿ ಕೊಟ್ಟವಳು ಅಲ್ಲೇ ನಿಂತೆ. ಪೈಲವಾನರು ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನೀಲವ್ವ, ಇದರ ನಡಾ ನೋಡ. ಇಂಥಾ ನಡಾ ಆಗಬೇಕಾದ್ರ ಎಷ್ಟ ಸಾಮು ಹೊಡದಿರಬೇಕ!"

"ಸಾಮು ಯಾವುದ್ರಿ, ಹೊಟ್ಟಿಗಿ ಕೂಳಿಲ್ದ ಹಂಗಾಗೈತಿ" ಅಂದೆ.

ನನ್ನ ಮಾತು ಅವರಿಗೆ ಕೇಳಲಿಲ್ಲ. ಆ ಕಿವಿಗೆ ಬೇಡಾದ್ದು ಕೇಳುತ್ತಲೂ ಇರಲಿಲ್ಲ. ಅಲ್ಲಿಂದ ಬಾಳು ಹೋದಾಗೊಮ್ಮೆ ಗೊಂಬೆ ಬರತೊಡಗಿತು. ಬೆಲ್ಲದ ಹಿಂದೆ ಒಂದು ಸಾಲು ಆಯಿತು, ಆಮೇಲೆ ಬೆಲ್ಲವೇ ಹಿಂದಾಯಿತು.

ಹುಕ್ಕೇರಿಯ ಸುಮತಿ ಅಕ್ಕೋರು ಆ ಅಂಗಡಿಗೆ ಬೆಲ್ಲಕ್ಕೆ ಬಂದವರು. ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾಗಿದ್ದರು. ಗಂಡ ಇಲ್ಲ, ಮಕ್ಕಳಿಲ್ಲ. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ಮಾತು. ಅವರಿಗೆ ಪುಣೆಯ ತಮ್ಮ ಇಂಥವೇ ಗೊಂಬೆ ಕಳಿಸುತ್ತಿದ್ದನಂತೆ. ಇವರ ಸಾಲು ನೋಡಿ ಅಕ್ಕೋರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯ, ಪೆಟಗಿ ಒಡದೀರೇನ್ರಿ? ಇವು ಲಿಮಿಟೆಡ್ ಅದಾವ!"

"ಹಂಗಂದ್ರ ಏನ್ರಿ ಅಕ್ಕೋರ?"

"ಇಷ್ಟ ಅಂತ ಮಾಡಿ ಅಚ್ಚ ಮುರದಬಿಡ್ತಾರ. ಜಗತ್ತಿನಾಗ ಮತ್ತ ಸಿಗಂಗಿಲ್ಲ. ಪೆಟಗಿ ಒಡದ್ರ ಕಿಮ್ಮತ್ತ ಹೋತು."

ನಮ್ಮ ಮನೆಯಲ್ಲಿ ಎಣ್ಣೆ ಲಿಮಿಟೆಡ್, ಬೆಲ್ಲ ಲಿಮಿಟೆಡ್, ಇದ್ದಾಗ ಗಂಡನ ಮಾತೂ ಲಿಮಿಟೆಡ್. ಯಾರೂ ಬಂದು ಎದೆ ಹಿಡಿದುಕೊಂಡಿರಲಿಲ್ಲ.

ಆ ಕಾಲಕ್ಕೆ ಟಿವಿಯಲ್ಲಿ ನಮ್ಮ ದೇಶದ ಹುಡುಗಿಯರು ಜಗತ್ತಿಗೇ ಸುಂದರಿಯರಾಗಿ ಕಿರೀಟ ಹಾಕಿಕೊಂಡು ಅಳುತ್ತಿದ್ದರು. ಅದನ್ನು ನೋಡಿ ಅಕ್ಕೋರಿಗೆ ಒಂದು ವಿಚಾರ ಬಂತು. ಪ್ರತಿ ವರ್ಷ ದೀಪಾವಳಿ ಪಾಡ್ಯದ ದಿನ ಇಬ್ಬರೂ ಕೂಡಿ ಆ ವರ್ಷದ ಗೊಂಬೆ ಆರಿಸಬೇಕು. ಅಂಗಿಗೆ ಇಷ್ಟು ಮಾರ್ಕು, ಕೂದಲಿಗೆ ಇಷ್ಟು, ನಗುವಿಗೆ ಇಷ್ಟು. ಪೈಲವಾನರು ಕೇಳುವವರೆಗೆ ಕೇಳಿದರು.

"ನಕ್ಕೋತ ನಿಂತ್ರ ಗೆದ್ದಂಗ ಏನ್ರಿ ಅಕ್ಕೋರ? ಹಿಡೀಬೇಕು."

ಇದಕ್ಕೆ ಕಾರಣ ಇತ್ತು, ಮತ್ತು ಅದು ಬಜಾರಕ್ಕೆಲ್ಲ ಗೊತ್ತಿತ್ತು. ಹರೆಯದಲ್ಲಿ ಅವರ ಎಲ್ಲಕ್ಕಿಂತ ದೊಡ್ಡ ಕುಸ್ತಿಗೆ ಕೊಣ್ಣೂರಿನಲ್ಲಿ ಜೋಡಿ ಗೊತ್ತುಮಾಡಿದ್ದರು. ಎದುರಾಳಿ ಬರಲೇ ಇಲ್ಲ. ಹೊತ್ತು ಇಳಿಯುವ ತನಕ ಕಾದು, ಪಂಚರು ಇವರ ಕೈ ಎತ್ತಿ, ತಲೆಗೆ ಪಟಕಾ ಸುತ್ತಿ, ಹಲಗಿ ಬಾರಿಸಿ ಕಳಿಸಿಕೊಟ್ಟರು. ಅಂದಿನಿಂದ ಇವರ ಹೆಸರು 'ಹಿಡೀಲಾರದ ಗೆದ್ದಾಂವ', ಕುಸ್ತಿ ಹಿಡಿಯದೆಯೇ ಗೆದ್ದವ. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಕೈ ದೊಡ್ಡವು. ಹಿಂದಿನಿಂದ ಹುಡುಗರು ಸಹ ಅನ್ನುತ್ತಿದ್ದರು. ಆ ಪಟಕಾವನ್ನು ಅವರು ಒಂದು ದಿನವೂ ಸುತ್ತಿಕೊಂಡದ್ದನ್ನು ನಾನು ಕಾಣೆ.

ಹೀಗಾಗಿ ಗೊಂಬೆಗಳೂ ಕುಸ್ತಿ ಹಿಡಿಯಬೇಕಾಯಿತು. ಅಖಾಡ ಯಾವುದು? ನಾನು ಹಿಟ್ಟು ನಾದುವ ಪರಾತ. ಗರಡಿಯಿಂದ ಮಜ್ಜಿಗೆ, ಎಣ್ಣೆ, ಅರಿಷಿಣ ಹಾಕಿ ಹದ ಮಾಡಿದ ಕೆಂಪು ಮಣ್ಣು ತಂದು ಅದರಲ್ಲಿ ಹರವುತ್ತಿದ್ದರು. ಎರಡು ಗೊಂಬೆಗಳ ಚಪ್ಪಲಿ ಬಿಚ್ಚಿಸಿ, ಎದುರುಬದುರು ನಿಲ್ಲಿಸಿ, ಪರಾತದ ಅಂಚಿಗೆ ಬೆರಳಿನಿಂದ ಬಡಿಯುವುದು. ಮೊದಲು ಬಿದ್ದದ್ದು ಸೋತಿತು. ಕಡೆಗೆ ನಿಂತದ್ದು ಆ ವರ್ಷದ ಗೊಂಬೆ. ಅದರ ತಲೆಗೆ ಲುಂಗಿಯ ಅಂಚು ಹರಿದು ಪಟಕಾ.

ಈ ಗೊಂಬೆಗಳ ಹಣೆಬರಹ ಏನೆಂದರೆ ಹಿಮ್ಮಡಿ ನೆಲಕ್ಕೆ ಹತ್ತುವುದಿಲ್ಲ. ಸದಾ ತುದಿಗಾಲು. ಮಣ್ಣಿನಲ್ಲಿ ಮೊಳೆಯಂತೆ ಚುಚ್ಚಿದರೂ ಎರಡು ಏಟಿಗೆ ಮಕಾಡೆ.

"ಎಂಥಾ ಮಂದಿ ಮಾಡ್ಯಾರ್ರಿ ಇವನ್ನ! ಮಾರಿಗಿ ಬಣ್ಣ ಬಡಿಯೂದ್ರಾಗ ಕಾಲ ಮರತ ಬಿಟ್ಟಾರ" ಎಂದು ಪೈಲವಾನರು ಮರುಗುತ್ತಿದ್ದರು.

ಅಕ್ಕೋರು ತಮ್ಮ ಗೊಂಬೆ ತರುತ್ತಿದ್ದರು, ಪೆಟ್ಟಿಗೆಯೊಳಗೇ. ಅದರಲ್ಲಿ ಒಂದು ಹಸಿರು ಅಂಗಿಯದು ಎಲ್ಲಕ್ಕಿಂತ ದೊಡ್ಡದು, ಒಳಗೆ ನಂಬರಿನ ಚೀಟಿ ಬೇರೆ. ಅದು ಪರಾತದ ಬದಿಗೆ ಕೂತು ಗಾಜಿನ ಕಾಗದದೊಳಗಿಂದ ಕುಸ್ತಿ ನೋಡುತ್ತಿತ್ತು. ಪೈಲವಾನರು ವರ್ಷವೂ ಕೇಳುತ್ತಿದ್ದರು.

"ಅಕ್ಕೋರ, ಹಸರಗಿ ಅಂಗಿದನ್ನ ಒಂದ ಸಲ ಇಳಸ್ರಿ. ದೊಡ್ಡ ಜೋಡಿ ಹೊರಗ ಕುಂತಿರಬೇಕಾದ್ರ ಒಳಗಿಂದು ಗೆದ್ದದ್ದ ಗೆಲುವು ಅಲ್ರಿ."

"ಪೆಟಗಿ ಒಡಿಯೂದಿಲ್ರಿ, ಪೈಲವಾನ್ರ. ಅದರ ಮಾತ ಬಿಡ್ರಿ."

ಆರಿಸಿದ ಗೊಂಬೆಗೆ ಪಟಕಾ ಸುತ್ತುವಾಗ ಪೈಲವಾನರ ಮುಖ ಕೊಣ್ಣೂರಿನಿಂದ ತಿರುಗಿ ಬಂದ ದಿನದ ಮುಖವೇ ಆಗುತ್ತಿತ್ತು. ಬೆಲ್ಲ ಮಾರುವ ಮುದುಕನಿಗೆ ಒಂದು ಗೊಂಬೆ ಪೆಟ್ಟಿಗೆಯಿಂದ ಹೊರಗೆ ಬರಬೇಕಿತ್ತು, ಅಷ್ಟೇ. ಇಷ್ಟು ಸಣ್ಣದಕ್ಕೆ ಇಬ್ಬರು ವಯಸ್ಸಾದವರು ವರ್ಷಗಟ್ಟಲೆ ಹಟ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ಪರಾತ ಅದರಲ್ಲಿ ಹಾಳಾಯಿತು.

ಒಂದು ವರ್ಷ ಬಾಳು ಮುಂಬಯಿಗೆ ಹೋಗಿರಲಿಲ್ಲ. ಮಾಮಾ ಬೈದಾನು ಎಂದು ಮೂಡಲಗಿ ಸಂತೆಯಲ್ಲಿ ಹಾಸಿಕೊಂಡು ಮಾರುವವನ ಹತ್ತಿರ ಒಂದು ಪ್ಲಾಸ್ಟಿಕ್ ಗೊಂಬೆ ಕೊಂಡು ತಂದ. ಕಣ್ಣು ಒಂದು ಮೇಲೆ ಒಂದು ಕೆಳಗೆ. ಹೊಟ್ಟೆ ಅಮುಕಿದರೆ ಚೀಂವ್ ಅನ್ನುತ್ತಿತ್ತು. ಆದರೆ ಪಾದ ಎರಡೂ ನನ್ನ ಲಟ್ಟಣಿಗೆಯ ಮಣೆಯಷ್ಟು ಸಪಾಟು. ಪರಾತಕ್ಕೆ ಇಳಿಸಿದರು. ಬಡಿದರು. ಬಂಗಾರದ ಕೂದಲಿನವೆಲ್ಲ ಒಂದೊಂದಾಗಿ ಮಣ್ಣು ಮುಕ್ಕಿದವು. ಮೂಡಲಗಿಯದು ಅಲ್ಲಾಡಲಿಲ್ಲ. ಪೈಲವಾನರು ಕೊನೆಗೆ ಮುಷ್ಟಿಯಿಂದ ಗುದ್ದಿದರು, ಪರಾತಕ್ಕೆ ತಗ್ಗು ಬಿತ್ತು, ಅದು ನಿಂತೇ ಇತ್ತು.

ಪಟಕಾ ಸುತ್ತಲು ಹೋದಾಗ ಅಕ್ಕೋರು ಎದ್ದು ನಿಂತರು.

"ಇದನ್ನ ಆರಸ್ತೀರೇನ್ರಿ? ಇಂಥಾವು ಸಂತ್ಯಾಗ ರಾಶಿ ಬಿದ್ದಾವ. ಇದಕ್ಕ ನಂಬರ ಇಲ್ಲ, ಹೆಸರ ಇಲ್ಲ!"

"ಅಖಾಡದಾಗ ಚೀಟಿ ಕೇಳಾಂಗಿಲ್ರಿ, ಅಕ್ಕೋರ. ಕಾಲ ಕೇಳ್ತಾರ. ನಿಮಗ ಸಿಟ್ಟ ಬಂದಿದ್ರ ಹಸರಗಿ ಅಂಗಿದನ್ನ ಇಳಸ್ರಿ, ಇದನ್ನ ಕೆಡವ್ಲಿ."

ಅಕ್ಕೋರು ಪೆಟ್ಟಿಗೆ ಎತ್ತಿಕೊಂಡು ಚಹಾ ಕುಡಿಯದೆ ಹುಕ್ಕೇರಿ ಬಸ್ಸು ಹತ್ತಿದರು. ಮಾಡಿದ ಚಹಾ ನಾನು ಕುಡಿದೆ.

ಮುಂದಿನ ಪಾಡ್ಯಕ್ಕೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಪೈಲವಾನರು ಮಣ್ಣು ತರುವುದನ್ನೇ ಬಿಟ್ಟರು. "ಜೋಡಿ ಇಲ್ಲ ನೀಲವ್ವ" ಅಂದರು, ಅಷ್ಟೇ. ಮೂಡಲಗಿ ಗೊಂಬೆ ಹಳೇ ಪಟಕಾ ಸುತ್ತಿಕೊಂಡು ಕಪಾಟಿನಲ್ಲಿ ನಿಂತಿತ್ತು. ಅದೂ ಹಿಡೀಲಾರದೆ ಗೆಲ್ಲುತ್ತಾ ನಡೆಯಿತು.

ಆಮೇಲೆ ಪೈಲವಾನರಿಗೆ ಲಕವಾ ಹೊಡೆಯಿತು. ಬಲಗಡೆ ಪೂರಾ ಹೋಯಿತು. ಅಂಥ ದೇಹವನ್ನು ಮಗ್ಗಲು ಮಾಡಲಿಕ್ಕೆ ಬಾಳು ಒಬ್ಬನಿಂದ ಆಗದೆ ನಾನೂ ಕೈ ಹಚ್ಚುತ್ತಿದ್ದೆ. ಆ ವರ್ಷದ ಪಾಡ್ಯದ ದಿನ ನಾನು ಹಿಟ್ಟಿಗೆ ನೀರು ಹಾಕಿ ಕೂತಿದ್ದೆ, ಬಾಗಿಲಲ್ಲಿ ಇಸ್ತ್ರಿ ಸೀರೆ ಕಂಡಿತು.

"ನೀಲವ್ವ, ಪರಾತ ಕೊಡು."

"ಹಿಟ್ಟ ಐತ್ರಿ ಅಕ್ಕೋರ."

"ತಗದ ತಾಟಿನಾಗ ಹಾಕು. ಮಣ್ಣಿಗೆ ಬಾಳೂನ ಕಳಸು."

ಹಾಸಿಗೆಯ ಬದಿಗೆ ಪರಾತ ಇಟ್ಟೆವು. ಅಕ್ಕೋರು ಚೀಲದಿಂದ ಹಸಿರು ಅಂಗಿಯದನ್ನು ತೆಗೆದರು. ಪೈಲವಾನರ ಬಾಯಿ ಒಂದು ಕಡೆಗೆ ಸೊಟ್ಟಾಗಿತ್ತು, ಮಾತು ಅರ್ಧ ಬರುತ್ತಿತ್ತು.

"ಬ್ಯಾಡ್ರಿ... ಅಕ್ಕೋರ... ಕಿಮ್ಮತ್ತ ಹೋಗತೈತಿ."

"ಹೋಗ್ಲಿ ಬಿಡ್ರಿ" ಎಂದು ಅಕ್ಕೋರು ತಲೆಯ ಪಿನ್ನು ತೆಗೆದು ಪೆಟ್ಟಿಗೆಯ ಬಾಯಿ ಸೀಳಿದರು. ಇಷ್ಟು ವರ್ಷ ಒಳಗಿದ್ದ ಗೊಂಬೆಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಇತ್ತು. ಚಪ್ಪಲಿ ಬಿಚ್ಚಿಸಿದರು. ಮೂಡಲಗಿಯದರ ಎದುರಿಗೆ ನಿಲ್ಲಿಸಿದರು.

ಪೈಲವಾನರು ಎಡಗೈ ಬೆರಳಿನಿಂದ ಪರಾತಕ್ಕೆ ಬಡಿದರು. ಬಡಿದದ್ದಲ್ಲ, ಮುಟ್ಟಿದ್ದು. ಹಸಿರು ಅಂಗಿಯದು ಅಷ್ಟಕ್ಕೇ ಮಕಾಡೆ ಬಿತ್ತು, ಬಂಗಾರದ ಕೂದಲೆಲ್ಲ ಕೆಂಪು ಮಣ್ಣು.

"ಇನ್ನೊಮ್ಮೆ ನಿಲ್ಲಸ್ಲ್ಯಾ?" ಎಂದೆ. ಇಷ್ಟು ವರ್ಷದ ಹಟ ಒಂದೇ ಏಟಿಗೆ ಮುಗಿದದ್ದು ನನಗೇ ಸರಿ ಕಾಣಲಿಲ್ಲ.

"ಇಲ್ಲ" ಎಂದರು ಇಬ್ಬರೂ.

ಪೈಲವಾನರು ಸೊಟ್ಟ ಬಾಯಿಂದ ನಕ್ಕರು. ಟ್ರಂಕಿನಲ್ಲಿದ್ದ ತಮ್ಮ ಕೊಣ್ಣೂರಿನ ಪಟಕಾ ತರಿಸಿದರು. ಗೊಂಬೆಗೆ ಸುತ್ತುತ್ತಾರೆ ಎಂದುಕೊಂಡೆ. "ನನಗ ಸುತ್ತ್ರಿ ಅಕ್ಕೋರ" ಅಂದರು. ಅಕ್ಕೋರು ಸುತ್ತಿದರು, ಅಷ್ಟೇನೂ ಚಂದ ಆಗಲಿಲ್ಲ. ಹೊತ್ತು ಮುಳುಗುವುದರೊಳಗೆ ಮೂವರೂ ರೊಟ್ಟಿ ಉಂಡೆವು. ಪೈಲವಾನರು ಪಟಕಾ ಬಿಚ್ಚಲು ಕೊಡಲಿಲ್ಲ.

ಸಂಕ್ರಾಂತಿ ಕಾಣಲಿಲ್ಲ ಅವರು. ಬಾಳು ಬೆಲ್ಲದ ಅಂಗಡಿಯನ್ನು ಮೊಬೈಲ್ ಅಂಗಡಿ ಮಾಡಿದ. ಗೊಂಬೆಗಳನ್ನು ಬಂಧುಬಳಗದ ಮಕ್ಕಳು ಒಯ್ದು ಕೈಕಾಲು ಮುರಿದವು. ಮೂಡಲಗಿಯದು ನನ್ನ ರೊಟ್ಟಿ ಡಬ್ಬಿಯ ಮೇಲಿದೆ, ಅದು ಮುರಿಯುವುದಿಲ್ಲ. ಪರಾತದ ತಗ್ಗು ಹಾಗೇ ಇದೆ.

ಮದುವೆಯೊಂದಕ್ಕೆ ಹುಕ್ಕೇರಿಗೆ ಹೋದಾಗ ಅಕ್ಕೋರ ಮನೆಗೆ ಹೋಗಿದ್ದೆ. ಕಪಾಟಿನಲ್ಲಿ ಎಲ್ಲವೂ ಪೆಟ್ಟಿಗೆಯೊಳಗೆ, ಹಸಿರು ಅಂಗಿಯದು ಮಾತ್ರ ಹೊರಗೆ, ಗಾಜಿಗೆ ಆತು ನಿಂತಿತ್ತು. ಕೂದಲಿನ ಮಣ್ಣು ತೊಳೆದಿರಲಿಲ್ಲ. ನನ್ನ ಜೊತೆ ಬಂದಿದ್ದ ಹೆಣ್ಣುಮಗಳು, "ಅಯ್ಯ ಅಕ್ಕೋರ, ಇಷ್ಟ ಚಂದನ್ನ ಗೊಂಬಿ, ಯಾಕ ಹೊಲಸಾಗೈತ್ರಿ?" ಎಂದು ಕೇಳಿದಳು.

ಅಕ್ಕೋರು ಚಹಾ ಸೋಸುತ್ತಾ ತಿರುಗಿಯೂ ನೋಡದೆ ಹೇಳಿದರು.

"ಅದು ಸೋತ ಗೊಂಬಿ. ಹಿಡದ ಸೋತೈತಿ."