ಏಕಾದಶಿಯ ದಿನ ನುಂಗಿದ ಕುರಿ

ನನ್ನ ಮೊದಲ ಮಗಳಿಗೆ ಹತ್ತು ತಿಂಗಳಾಗಿದ್ದಾಗ ನಾನು ಕೂತಲ್ಲಿ ನಿಂತಲ್ಲಿ ನಿದ್ದೆ ಮಾಡುವುದನ್ನು ಕಲಿತೆ. ಕಲಿತೆ ಅನ್ನುವುದೇನು, ಅದರಲ್ಲಿ ಪಳಗಿಬಿಟ್ಟೆ. ರುಬ್ಬುವ ಗುಂಡು ಹಿಡಿದುಕೊಂಡು ನಿದ್ದೆ, ಹೂ ಕಟ್ಟುತ್ತಾ ನಿದ್ದೆ. ಒಂದು ಸಲ ಹಾಲಿನವನು ನೀರು ಬೆರೆಸಿದ್ದಾನೆಂದು ಅವನ ಜೊತೆ ಜಗಳವಾಡುತ್ತಾ ನಡುವೆಯೇ ಬಾಗಿಲಿಗೆ ಒರಗಿ ನಿದ್ದೆ ಹೋದೆ. ಪಾಪ, ಅವನು ಉಳಿದ ಬೈಗುಳವನ್ನೂ ಕೇಳಿಕೊಂಡು ಹೋಗೋಣ ಅಂತ ಸ್ವಲ್ಪ ಹೊತ್ತು ಕಾದು, ಆಮೇಲೆ ಹಾಲು ಅಳೆದಿಟ್ಟು ಹೊರಟನಂತೆ.

ಆಗ ಅರವತ್ತರ ದಶಕದ ಶುರು. ಜಯನಗರದಲ್ಲಿ ನಮ್ಮ ಮನೆಯೂ ಹೊಸದು, ಬೀದಿಯೂ ಹೊಸದು. ನಮ್ಮ ಸಾಲಿಗೆ ಮೂರು ಮನೆ, ಮಿಕ್ಕಿದ್ದೆಲ್ಲ ಖಾಲಿ ಸೈಟು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಮಗು, ಅತ್ತೆ. ಬಿರುಬಿಸಿಲಿನ ಏಪ್ರಿಲ್‌ನಲ್ಲಿ ನಾನು ಯಜಮಾನರ ಸ್ವೆಟರು ತೊಟ್ಟು ಓಡಾಡುತ್ತಿದ್ದೆ. ಬಾಚಿದರೆ ಬಾಚಣಿಗೆ ತುಂಬ ಕೂದಲು. ದನಿ ಎಷ್ಟು ಗೊಗ್ಗರಾಗಿತ್ತೆಂದರೆ, ನಾನು ಒಳಗಿನಿಂದ "ಯಾರು?" ಅಂದರೆ ಪೋಸ್ಟ್‌ಮ್ಯಾನ್ "ಪೋಸ್ಟು ಸಾರ್" ಅನ್ನುತ್ತಿದ್ದ. ಪಕ್ಕದ ಮನೆಯಾಕೆ ಊದಿಕೊಂಡ ನನ್ನ ಮೈ ನೋಡಿ, ಎರಡನೆಯದಕ್ಕೆ ಎಷ್ಟು ತಿಂಗಳು ಅಂತ ಕೇಳಿದಳು. ಒಂದು ವಾರ ಅವಳ ಹತ್ತಿರ ಮಾತು ಬಿಟ್ಟಿದ್ದೆ.

ಅತ್ತೆಯ ಪ್ರಕಾರ ತಪ್ಪೆಲ್ಲ ನನ್ನ ತವರಿನವರದು. "ನಿಮ್ಮಮ್ಮ ಬಾಣಂತನ ನೆಟ್ಟಗೆ ಮಾಡ್ಲಿಲ್ಲ. ಮೂರೇ ತಿಂಗಳಿಗೆ ಕಿವಿ ಹತ್ತಿ ತೆಗೆಸಿಬಿಟ್ರು. ಶೀತ ತಲೆಗೇರಿದೆ," ಎಂದು ತೀರ್ಪು ಕೊಟ್ಟು, ಶುಂಠಿ, ಮೆಣಸು, ಬೆಲ್ಲ ಹಾಕಿ, ಧಾರಾಳವಾಗಿ ತುಪ್ಪ ಸುರಿದು ಲೇಹ್ಯ ಕಾಯಿಸಿದರು. ದಿನಕ್ಕೆರಡು ಉಂಡೆ. ಅದನ್ನು ತಿಂದು ನಾನು ಇನ್ನಷ್ಟು ದಪ್ಪಗಾದೆ, ಇನ್ನಷ್ಟು ನಿದ್ದೆ ಮಾಡಿದೆ.

ಒಂದು ದಿನ ಮಾತ್ರ ನಗುವ ಹಾಗಾಗಲಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕಿ ಆರಿಸುತ್ತಿದ್ದೆ. ಕಣ್ಣು ಬಿಟ್ಟಾಗ ಅತ್ತೆ ಮಗುವನ್ನು ಎದೆಗವಚಿಕೊಂಡು ನಿಂತಿದ್ದರು. ಅಂಬೆಗಾಲಿಟ್ಟುಕೊಂಡು ಬಚ್ಚಲುಮನೆಯ ಉರಿಯುವ ಒಲೆ ಹತ್ತಿರ ಹೋಗಿದ್ದವಳನ್ನು ಕಾಲು ಹಿಡಿದು ಎಳೆದುಕೊಂಡಿದ್ದರು. ಮಗು ಕಿರುಚಿದ್ದು ಹಿತ್ತಲಲ್ಲಿದ್ದ ಅವರಿಗೆ ಕೇಳಿಸಿತ್ತು, ನನಗೆ ಕೇಳಿಸಿರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ನಾನೆಂಥ ತಾಯಿ ಅಂತ ಅವತ್ತು ಸೆರಗು ಒದ್ದೆಯಾಗುವಷ್ಟು ಅತ್ತುಬಿಟ್ಟೆ. ಮಾರನೆಯ ದಿನವೇ ಯಜಮಾನರನ್ನು ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ನನ್ನ ಕತ್ತು ಮುಟ್ಟಿ ನೋಡಿದರು, ನೀರು ನುಂಗಿಸಿದರು. ಪುಟ್ಟ ಸುತ್ತಿಗೆಯಿಂದ ಹಿಮ್ಮಡಿಯ ಮೇಲೆ ತಟ್ಟಿದರು. ಪಾದ ಅಲ್ಲಾಡಿತು, ಆದರೆ ವಾಪಸ್ಸು ಬರುವುದಕ್ಕೆ ಸರ್ಕಾರಿ ಫೈಲಿನಷ್ಟು ಹೊತ್ತು ತೆಗೆದುಕೊಂಡಿತು. ಡಾಕ್ಟರಿಗೆ ಅದನ್ನು ನೋಡಿ ತುಂಬಾ ಸಂತೋಷವಾಯಿತು. "ಥೈರಾಯಿಡ್ ಕಣಮ್ಮ. ಗಂಟಲಲ್ಲಿರೋ ಗ್ರಂಥಿ ಕೆಲಸ ನಿಲ್ಲಿಸಿದೆ. ನಿಮ್ಮದೇನೂ ಸೋಮಾರಿತನ ಅಲ್ಲ," ಅಂದರು. ಆ ಕೊನೆಯ ಮಾತಿಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು.

ಮಾತ್ರೆ ಬರೆದುಕೊಟ್ಟರು. ದಿನಾ ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಒಂದು, ಬಹುಶಃ ಜೀವಮಾನ ಪೂರ್ತಿ. ಯಜಮಾನರು ಸುಮ್ಮನೆ ಎದ್ದು ಬರಬಾರದೆ? "ಇದನ್ನ ಏತರಿಂದ ಮಾಡ್ತಾರೆ ಸಾರ್?" ಅಂತ ಕೇಳಿದರು.

"ಕುರಿ ಗಂಟಲಿನ ಗ್ರಂಥಿ ಒಣಗಿಸಿ ಪುಡಿ ಮಾಡ್ತಾರೆ," ಅಂದರು ಡಾಕ್ಟರು, ಅವಲಕ್ಕಿ ಮಾಡುವ ವಿಧಾನ ಹೇಳಿದಷ್ಟು ಸಲೀಸಾಗಿ.

ಮಾತ್ರೆಯ ಸೀಸೆ ಕೊಂಡು ಮನೆಗೆ ಬಂದೆವು. ಗೇಟಿನ ಹತ್ತಿರ ಯಜಮಾನರು, "ಅಮ್ಮಂಗೆ ಹೇಳ್ಬೇಡ ಕಣೇ," ಅಂದರು.

ನಮ್ಮತ್ತೆ ಈರುಳ್ಳಿಯನ್ನು ಹೊಸ್ತಿಲ ಒಳಗೆ ಬಿಟ್ಟವರಲ್ಲ. ನಾನು ದಿನಾ ಸ್ನಾನ ಮಾಡಿ, ಯಾರೂ ಮುಟ್ಟದ ಮಡಿಸೀರೆ ಉಟ್ಟು ಅಡುಗೆ ಮಾಡಬೇಕು. ಅದನ್ನು ಮಾತ್ರ ಅವರು ಉಣ್ಣುವುದು. ಸೊಸೆಯ ಹೊಟ್ಟೆಗೆ ದಿನಾ ಬೆಳಗ್ಗೆ ಕುರಿ ಹೋಗುತ್ತಿದೆ ಅಂತ ತಿಳಿದರೆ ಹನುಮಂತನಗರದಲ್ಲಿದ್ದ ಭಾವನವರ ಮನೆಗೆ ಗಂಟು ಕಟ್ಟಿಕೊಂಡು ಹೊರಡುವುದು ಖಂಡಿತ. ಮಾತ್ರೆ ಬಿಟ್ಟರೆ ಮಗುವನ್ನು ನೋಡಿಕೊಳ್ಳುವಷ್ಟು ಎಚ್ಚರ ನನಗಿಲ್ಲ; ಅತ್ತೆ ಬಿಟ್ಟುಹೋದರೆ ಕೈಯೇ ಮುರಿದ ಹಾಗೆ. ಎರಡೂ ಬೇಕಾಗಿದ್ದರಿಂದ, ಡಾಕ್ಟರು ಬರೀ ನಿಶ್ಶಕ್ತಿ ಅಂದರೆಂದು ಅತ್ತೆಗೆ ಹೇಳಿ ನಾನು ಕಳ್ಳಿಯಾದೆ.

ಸೀಸೆ ಇಡುವುದೆಲ್ಲಿ? ಅಡುಗೆಮನೆ ಆಗದು, ದೇವರಮನೆಯ ಮಾತೇ ಬೇಡ. ಕೊನೆಗೆ ಬಚ್ಚಲುಮನೆಯ ಗೂಡಿನಲ್ಲಿ, ಹಲ್ಲುಪುಡಿ ಡಬ್ಬಿಯ ಹಿಂದೆ ಇಟ್ಟೆ. ಮೊದಲು ಮಾತ್ರೆ, ಆಮೇಲೆ ಸ್ನಾನ, ಆಮೇಲೆ ಮಡಿ. ಹೊರಗಿನದೇನೋ ನೀರಿಗೆ ಹೋಗುತ್ತದೆ, ಒಳಗಿನ ಕುರಿಯನ್ನು ಏನು ಮಾಡುವುದು? ಹನ್ನೆರಡು ಸಲ ಬಾಯಿ ಮುಕ್ಕಳಿಸುತ್ತಿದ್ದೆ. ನನಗೂ ಸಂಕಟವೇ. ಮೊದಲ ಮೂರು ದಿನ ಮಾತ್ರೆ ಒಳಗೆ ಹೋದ ಕೂಡಲೇ ಅದು ಬ್ಯಾ ಅಂದಂತೆ ಭಾಸವಾಗುತ್ತಿತ್ತು. ಅತ್ತೆ ಮಾತ್ರ ಪಕ್ಕದ ಮನೆಯಾಕೆಗೆ, "ನಮ್ಮ ಹುಡುಗಿ ಮಡಿ ಅಂದ್ರೆ ಮಡಿ. ಹನ್ನೆರಡು ಸಲ ಬಾಯಿ ಮುಕ್ಕಳಿಸ್ತಾಳೆ," ಎಂದು ಹೊಗಳಿದರು.

ಆರು ವಾರ ಕಳೆಯುವಷ್ಟರಲ್ಲಿ ಸ್ವೆಟರು ಪೆಟ್ಟಿಗೆ ಸೇರಿತು. ಮಗು ಕುಯ್ ಅಂದರೆ ಎದ್ದು ಕೂರುತ್ತಿದ್ದೆ. ಹಾಲಿನವನಿಗೆ ಉಳಿದಿದ್ದ ಬೈಗುಳವನ್ನೂ ಸಲ್ಲಿಸಿದೆ. "ನೋಡಿದ್ಯಾ ಲೇಹ್ಯದ ಗುಣ?" ಅಂದರು ಅತ್ತೆ. ಇನ್ನೊಂದು ಭರಣಿ ಕಾಯಿಸಿ ಸಾಲಿನ ಮಿಕ್ಕ ಎರಡೂ ಮನೆಗೆ ಹಂಚಿದರು.

ಆ ಖುಷಿಯಲ್ಲಿ ನನಗೆ ಭಕ್ತಿ ಉಕ್ಕಿತು. ಅತ್ತೆಯಂತೆ ನಾನೂ ಈ ಸಲ ಒಂದು ತೊಟ್ಟು ನೀರೂ ಮುಟ್ಟದೆ ಏಕಾದಶಿ ಮಾಡುತ್ತೇನೆ ಅಂದುಬಿಟ್ಟೆ. ಮಾತ್ರೆಯ ನೆನಪಾದದ್ದು ಆ ದಿನ ಬೆಳಗ್ಗೆ, ಬಚ್ಚಲುಮನೆಯಲ್ಲಿ. ಒಂದು ಗುಟುಕು ನೀರು, ಔಷಧಕ್ಕೆ ಅಂತ ದೇವರು ಮನ್ನಿಸಲಾರನೆ ಎಂದು ಕತ್ತು ಮೇಲೆತ್ತಿ ನುಂಗುತ್ತಿದ್ದಾಗ ಬಾಗಿಲು ತೆರೆಯಿತು. ಅಗುಳಿ ಹಾಕಿರಲಿಲ್ಲ.

"ಬಾಯಿಗೇನು ಹಾಕ್ಕೊಂಡೆ?" ಅತ್ತೆ ಕೇಳಿದರು.

"ಏನಿಲ್ಲಮ್ಮ."

"ಬೆಳ್ಳಗಿತ್ತು, ನಾನು ನೋಡ್ದೆ. ಪೆಪ್ಪರ್‌ಮೆಂಟು. ಮಗು ಡಬ್ಬೀಂದ ಕದ್ದಿದ್ದೀಯ. ಏಕಾದಶಿ ದಿನ ನೀರೂ ಕುಡೀದೆ ಇರ್ತೀನಿ ಅಂತ ಬಾಯಲ್ಲಿ ಹೇಳೋದು, ಬಚ್ಚಲಲ್ಲಿ ನಿಂತು ಪೆಪ್ಪರ್‌ಮೆಂಟು ಚೀಪೋದು."

ನನಗೆ ಮೈಯೆಲ್ಲ ಉರಿದುಹೋಯಿತು. ಏನು ಬೇಕಾದರೂ ಅನ್ನಿ, ಉಪವಾಸದ ದಿನ ಮಗುವಿನ ಪೆಪ್ಪರ್‌ಮೆಂಟು ಕದಿಯುವ ತಿಂಡಿಪೋತಿ ಅಂದರೆ ನಾನು ಸಹಿಸುವವಳಲ್ಲ. "ಪೆಪ್ಪರ್‌ಮೆಂಟಲ್ಲಮ್ಮ. ಕುರಿ," ಅಂದೆ.

ಅಂದ ಮೇಲೆ ಬಾಯಿ ಮುಚ್ಚಿಕೊಂಡು ಏನು ಪ್ರಯೋಜನ? ಗ್ರಂಥಿ, ಡಾಕ್ಟರು, ಆರು ವಾರ, ಎಲ್ಲ ಹೇಳಿದೆ. ಅತ್ತೆ ನೇರ ದೇವರಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಅದು ಏಕಾದಶಿ, ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಹಾಗಾಗಿ ನನ್ನ ಕೈಯ ಅಡುಗೆ ಉಣ್ಣುತ್ತಾರೋ ಇಲ್ಲವೋ ತಿಳಿಯಲು ಮರುದಿನ ದ್ವಾದಶಿಯ ಪಾರಣೆಯ ಊಟದ ತನಕ ಕಾಯಬೇಕು. ಇಡೀ ದಿನ ಅವರು ಜಪಮಣಿ ಬಿಡಲಿಲ್ಲ. ಯಜಮಾನರು ಒಂದೇ ಪೇಪರನ್ನು ಮೂರು ಸಲ ಓದಿದರು. ಏನಾದರೂ ಹೇಳ್ರೀ ಅಂದರೆ, "ಕುರಿ ಅಂತ ಯಾಕೆ ಹೇಳ್ದೆ, ಪೆಪ್ಪರ್‌ಮೆಂಟು ಅಂತ ಒಪ್ಕೊಂಡಿದ್ರೆ ಮುಗಿದುಹೋಗ್ತಿತ್ತು," ಅಂದರು. ಅವರ ಜೊತೆಗೂ ಮಾತು ಬಿಟ್ಟೆ.

ಬೆಳಗಿನ ಜಾವ ಎದ್ದು ಬಚ್ಚಲುಮನೆಯಲ್ಲಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತೆ. ನುಂಗಿದರೆ ಅವರು ಉಣ್ಣುವುದಿಲ್ಲ. ಒಂದು ದಿನ ಬಿಟ್ಟರೇನು, ಎರಡು ದಿನ ಬಿಟ್ಟರೇನು ಅಂತ ಮನಸ್ಸು ಜಾರುತ್ತಿತ್ತು. ಬಾಗಿಲಾಚೆಯಿಂದ ಅತ್ತೆಯ ದನಿ ಬಂತು.

"ನುಂಗಿದ್ಯಾ?"

"ಇಲ್ಲಮ್ಮ."

"ಎಷ್ಟು ದಿನ ಅಂದ್ರು ಡಾಕ್ಟ್ರು?"

"ಜೀವಮಾನ ಪೂರ್ತಿ ಬೇಕಾಗಬಹುದು ಅಂದ್ರು."

"ಮತ್ತೆ ನಿಂತ್ಕೊಂಡು ಏನು ನೋಡ್ತಿದ್ದೀಯ, ನುಂಗು. ತಲೆ ಮೇಲೆ ನೀರು ಹುಯ್ಕೊಂಡು ಬಾ. ಪಾರಣೆ ಹೊತ್ತು ಮೀರತ್ತೆ."

ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ಅನ್ನ. ಬಡಿಸಿದೆ. ಅತ್ತೆ ಎಲೆ ನೋಡುತ್ತಾ ಕೂತರು.

"ಕುರಿ ಅಂದದ್ದು ಖಂಡಿತವಾ?"

"ಖಂಡಿತ."

"ಸರಿ. ಅದೂ ಹುಲ್ಲು, ಸೊಪ್ಪು ತಿನ್ಕೊಂಡು ಇರೋದೇ. ನಮಗಿಂತ ಮಡಿ," ಎಂದು ಮೊದಲ ತುತ್ತು ಕಲಸಿದರು. ನನಗೆ ನಗು ಉಕ್ಕಿ ಬಂತು. ತಲೆ ಎತ್ತಿ ನೋಡಿದರೆ ಅವರ ಕಣ್ಣು ಕೆಂಪಗಿತ್ತು.

"ಮಗು ಬೆಂಕೀಗೆ ಬೀಳ್ತಿತ್ತು. ನಾನು ಮಡಿ ನೋಡ್ತೀನಿ ಅಂತ ಆರು ವಾರ ನನ್ನ ಹತ್ರ ಮುಚ್ಚಿಟ್ಯಲ್ಲೇ. ನಾನು ಅಂಥೋಳು ಅಂದ್ಕೊಂಡ್ಯಾ?"

ಬೀದಿಗೆಲ್ಲ ಜಗಳಗಂಟಿ ಅನ್ನಿಸಿಕೊಂಡ ನಾನು ಎಲೆಯ ಕಡೆ ಬಗ್ಗಿದೆ. ಸೌಟಿನ ತುಂಬ ತೊವ್ವೆ ಬಡಿಸಿದೆ. ಅವರು ಸಾಕು ಅನ್ನಲಿಲ್ಲ.